ಬಲ್ಲವರನ್ನು ಕೇಳುವ ವಿದ್ಯೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಹೇಳುವುದು ಒಂದು ವಿದ್ಯೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕೇಳುವುದೂ ಒಂದು ವಿದ್ಯೆ ಎಂಬುದನ್ನು ಬಹಳ ಜನ ಮರೆತಿರುತ್ತಾರೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದನದ ಗುಣ ಬಲ್ಲ ಹಿರಿಯನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾನೆ. ಮಗಳ ಸಂಬಂಧ ಕೂಡಿಸುವಾಗ ಹತ್ತು ಕಡೆ ವಿಚಾರಿಸುತ್ತಾನೆ. ಅದೇ ರೈತ, ಊರಿಗೆಲ್ಲ ಬೆಳಕು ಕೊಡಬೇಕಾದ ಲಕ್ಷಾಂತರ ರೂಪಾಯಿಯ ಸಾಧನವನ್ನು ಕೊಳ್ಳುವಾಗ ಮಾತ್ರ, ಬಣ್ಣದ ಕಾಗದ ನೋಡಿ, ಬಂದವನ ಮಾತು ಕೇಳಿ, ರುಜು ಹಾಕಿಬಿಡುತ್ತಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ಆಗುತ್ತದೆ. ಆದ್ದರಿಂದ ಇಂದು ಈ ಕೇಳುವ ವಿದ್ಯೆಯನ್ನು ಕುರಿತು ಕೆಲವು ಮಾತುಗಳನ್ನು ಆಡಬೇಕೆಂದಿದ್ದೇವೆ.

ಈ ವಿಷಯ ಈಗೇಕೆ ಬಂತು ಎಂದು ನೀವು ಕೇಳಬಹುದು. ಈಚೆಗೆ ಘಟ್ಟದ ಅಂಚಿನ ಒಂದು ಹಳ್ಳಿಯ ರೈತರು ಶ್ರೀಮಠಕ್ಕೆ ಬಂದಿದ್ದರು. ನಲವತ್ತು ಮನೆಗಳ ಸಣ್ಣ ಊರು. ಗದ್ದೆ ಇದೆ, ಒಂದಿಷ್ಟು ಅಡಿಕೆ ಇದೆ. ದೇಶದ ಹಳ್ಳಿಗಳಿಗೆಲ್ಲ ವಿದ್ಯುತ್ತು ತಲುಪಿತೆಂದು ೨೦೧೮ರ ಏಪ್ರಿಲ್ ೨೮ರಂದು ಸರ್ಕಾರ ಸಾರಿತು. ಆ ಲೆಕ್ಕದಲ್ಲಿ ನೂರಕ್ಕೆ ಹತ್ತು ಮನೆಗಳಿಗೆ, ಶಾಲೆ ಪಂಚಾಯಿತಿಗಳಂಥ ಸಾರ್ವಜನಿಕ ಸ್ಥಳಗಳಿಗೆ ತಂತಿ ಬಂದರೆ ಆ ಗ್ರಾಮಕ್ಕೆ ವಿದ್ಯುತ್ತು ಬಂದಂತೆ. ಗ್ರಾಮದಿಂದ ದೂರ, ಕಾಡಿನ ಮಗ್ಗುಲಲ್ಲಿ ಬಿದ್ದಿರುವ ಇಂಥ ಊರುಗಳು ಆ ಲೆಕ್ಕದ ಒಳಗೂ ಇವೆ, ಹೊರಗೂ ಇವೆ. ಇವರಿಗೆ ಕೊನೆಯ ಕಂಬ ನಾಲ್ಕು ಕಿಲೋಮೀಟರು ದೂರ. ನಡುವೆ ಕಾಡು.

ಈ ಊರಿನವರು ಹಲವು ವರ್ಷಗಳಿಂದ ಅಡಿಕೆ ಮಾರಿದ ದುಡ್ಡಿನಲ್ಲಿ ಮನೆಗಿಷ್ಟು ಎಂದು ಎತ್ತಿ ಒಂದು ನಿಧಿ ಮಾಡಿಕೊಂಡಿದ್ದಾರೆ. ಈಗ ಅದನ್ನು ಹೇಗೆ ಖರ್ಚು ಮಾಡಬೇಕೆಂಬಲ್ಲಿ ಊರು ಎರಡಾಗಿದೆ. ಕೆಲವರು ಸೂರ್ಯನ ಹಲಗೆ ಹಾಕಿಸೋಣ ಎನ್ನುತ್ತಾರೆ. ಕೆಲವರು ಎಷ್ಟೇ ಖರ್ಚಾಗಲಿ ಕಂಬವೇ ಬರಲಿ ಎನ್ನುತ್ತಾರೆ. ಊರ ಮೇಲಿನ ಹಳ್ಳದ ನೀರಿಗೆ ಯಂತ್ರ ಕೂರಿಸಬಹುದೆಂದು ಒಬ್ಬ ಹುಡುಗ ಹೇಳಿದರೆ ಅವನ ಮಾತನ್ನು ಎರಡೂ ಕಡೆಯವರು ಕೇಳಲಿಲ್ಲ. ಹಠ ಎಲ್ಲಿಗೆ ಮುಟ್ಟಿತೆಂದರೆ, ಒಬ್ಬರ ಮನೆಯ ಮದುವೆಗೆ ಇನ್ನೊಂದು ಗುಂಪಿನವರು ಹೋಗಲಿಲ್ಲ. ಬೆಳಕು ಬರುವ ಮೊದಲೇ ಊರಿನಲ್ಲಿ ಕತ್ತಲೆ ಕವಿಯಿತು. ಕೊನೆಗೆ ಎರಡೂ ಕಡೆಯವರು ಕೂಡಿ ಬಂದು, “ಬುದ್ಧೀ, ತಾವು ಯಾವುದನ್ನು ಕೊಳ್ಳಿ ಎಂದು ಅಪ್ಪಣೆ ಕೊಡಿಸುತ್ತೀರೋ ಅದನ್ನೇ ಕೊಳ್ಳುತ್ತೇವೆ” ಎಂದರು.

ಅವರ ಭಕ್ತಿ ದೊಡ್ಡದು. ಆದರೆ ನಾವು ಆ ಅಪ್ಪಣೆಯನ್ನು ಕೊಡಲಿಲ್ಲ. ಪಾಠಶಾಲೆಯಲ್ಲಿ ನಾವು ಓದಿದ್ದು ವ್ಯಾಕರಣ, ತರ್ಕ, ಸಾಹಿತ್ಯ. ಪೀಠದ ಮೇಲೆ ಕುಳಿತ ಮಾತ್ರಕ್ಕೆ ಯಂತ್ರದ ಜ್ಞಾನ ಬರುವುದಿಲ್ಲ. ನಾವು ಒಂದನ್ನು ಹೆಸರಿಸಿದ್ದರೆ ಆ ಕ್ಷಣಕ್ಕೆ ಜಗಳ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಆ ಯಂತ್ರ ಕೆಟ್ಟು ನಿಂತರೆ, ‘ಗುರುಗಳು ಹೇಳಿದ್ದು’ ಎಂದು ಯಾರೂ ಬಾಯಿಬಿಡುವಂತೆಯೂ ಇಲ್ಲ, ಸರಿಪಡಿಸುವಂತೆಯೂ ಇಲ್ಲ. ತಿಳಿಯದ ವಿಷಯದಲ್ಲಿ ಗುರುವಿನ ಅಪ್ಪಣೆ ಶಿಷ್ಯನಿಗೆ ಹೊರೆಯಾಗುತ್ತದೆ. ಬಲ್ಲವರನ್ನು ಕರೆಸುವ ಖರ್ಚು ಶ್ರೀಮಠದ್ದು, ಎರಡೂ ಕಡೆಯವರು ಕೂಡಿ ಕುಳಿತುಕೊಳ್ಳಲು ಶ್ರೀಮಠದ ಜಗಲಿ ಇದೆ, ಆದರೆ ತೀರ್ಮಾನ ನಿಮ್ಮದು ಎಂದು ಹೇಳಿ ಕಳುಹಿಸಿದೆವು. ಬಲ್ಲವರನ್ನು ಹೇಗೆ ಕೇಳಬೇಕೆಂದು ಅವರಿಗೆ ಹೇಳಿದ ಮಾತನ್ನೇ ಈಗ ನಿಮ್ಮೆಲ್ಲರ ಮುಂದೆ ಸ್ವಲ್ಪ ವಿಸ್ತರಿಸುತ್ತೇವೆ.

ಆಯುರ್ವೇದದ ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ. ವೈದ್ಯ, ಔಷಧ, ಉಪಚಾರಕ, ರೋಗಿ. ಹಸುವಿಗೆ ನಾಲ್ಕು ಕಾಲಿದ್ದಂತೆ ಚಿಕಿತ್ಸೆಗೆ ಈ ನಾಲ್ಕು. ಒಂದು ಕುಂಟಾದರೂ ಚಿಕಿತ್ಸೆ ನಡೆಯದು. ಊರಿಗೆ ಶಕ್ತಿಯ ಸಾಧನ ತರುವುದಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಊರೇ ರೋಗಿ. ಸೂರ್ಯನ ಹಲಗೆ, ನೀರಿನ ಯಂತ್ರ, ತಂತಿ, ಗೋಬರ್ ಗ್ಯಾಸು ಇವೆಲ್ಲ ಔಷಧ. ತಜ್ಞನೇ ವೈದ್ಯ. ಯಂತ್ರವನ್ನು ನಿತ್ಯ ನೋಡಿಕೊಳ್ಳುವ ಊರಿನ ಹುಡುಗ ಉಪಚಾರಕ. ನಾವು ಔಷಧದ ಅಂಗಡಿಗೆ ಮೊದಲು ಓಡುತ್ತೇವೆ. ಶಾಸ್ತ್ರದ ಕ್ರಮ ಅದಲ್ಲ.

ಮೊದಲು ರೋಗಿಯ ಮಾತು. ಒಳ್ಳೆಯ ರೋಗಿಗೆ ಇರಬೇಕಾದ ಗುಣಗಳಲ್ಲಿ, ತನ್ನ ಬೇನೆಯನ್ನು ಸರಿಯಾಗಿ ತಿಳಿಸಬಲ್ಲ ಶಕ್ತಿಯೂ ಒಂದು ಎಂದು ಚರಕರು ಎಣಿಸಿದ್ದಾರೆ. “ಸ್ವಾಮಿ, ನಮಗೆ ಕರೆಂಟು ಬೇಕು” ಎನ್ನುವುದು, “ಡಾಕ್ಟರೇ, ನನಗೆ ಹುಷಾರಿಲ್ಲ” ಎಂದ ಹಾಗೆ. ಎಲ್ಲಿ ನೋವು, ಎಂದಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಹೇಳದಿದ್ದರೆ ಎಂಥ ವೈದ್ಯನೂ ಊಹೆಯ ಮೇಲೆ ಮದ್ದು ಕೊಡಬೇಕಾಗುತ್ತದೆ.

ಆದ್ದರಿಂದ ಒಂದು ಪುಸ್ತಕ ತೆಗೆದುಕೊಳ್ಳಿ. ಮನೆಮನೆಗೆ ಹೋಗಿ ಬರೆದುಕೊಳ್ಳಿ. ಒಂದು ಮನೆಗೆ ೯ ವ್ಯಾಟಿನ ಐದು ಎಲ್‌ಇಡಿ ಬಲ್ಬು, ಸಂಜೆ ನಾಲ್ಕು ಗಂಟೆಯ ಹೊತ್ತು. ೭೫ ವ್ಯಾಟಿನ ಒಂದು ಫ್ಯಾನು, ಅದೂ ನಾಲ್ಕು ಗಂಟೆ. ಟೀವಿ, ಮೊಬೈಲುಗಳಿಗೆ ೭೦ ವ್ಯಾಟು, ಮೂರು ಗಂಟೆ. ಕೂಡಿದರೆ ದಿನಕ್ಕೆ ಮುಕ್ಕಾಲು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ನಲವತ್ತು ಮನೆಗೆ ೨೮ ಯೂನಿಟ್ಟಿನ ಸುಮಾರು. ಇನ್ನೂರು ಜನಕ್ಕೆ, ತಲೆಗೆ ೫೫ ಲೀಟರಿನಂತೆ, ಕುಡಿಯುವ ನೀರು ೧೧,೦೦೦ ಲೀಟರು. ಅದನ್ನು ೬೦ ಮೀಟರು ಆಳದಿಂದ ಎತ್ತಲು, ಪಂಪಿನ ನಷ್ಟವೂ ಸೇರಿ, ನಾಲ್ಕು ಯೂನಿಟ್ಟು ಬೇಕಾದೀತು. ೫ ಅಶ್ವಶಕ್ತಿಯ ಹಿಟ್ಟಿನ ಗಿರಣಿ ಎರಡು ಗಂಟೆ ತಿರುಗಿದರೆ ಏಳೂವರೆ ಯೂನಿಟ್ಟು. ಒಟ್ಟು ದಿನಕ್ಕೆ ೪೦ ಯೂನಿಟ್ಟು. ಹೀಗೆ ಲೆಕ್ಕ ಹಾಕಿದಾಗ ‘ಕರೆಂಟು ಬೇಕು’ ಎಂಬ ಮಾತಿಗೆ ಅರ್ಥ ಬರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಾತ್ರೆಯ ದಾಸೋಹವನ್ನು ನೀವೆಲ್ಲ ಕಂಡಿದ್ದೀರಿ. ಸಾವಿರ ಜನ ಬೆಳಗಿನಿಂದ ಸಂಜೆಯವರೆಗೆ ಬಂದುಬಂದು ಉಂಡರೆ ಎರಡು ಒಲೆ ಸಾಕು. ಅದೇ ಸಾವಿರ ಜನ ಒಂದೇ ಪಂಕ್ತಿಗೆ ಕುಳಿತರೆ ಹತ್ತು ಒಲೆ ಬೇಕು. ಅಕ್ಕಿ ಅಷ್ಟೇ, ಒಲೆ ಬೇರೆ. ವಿದ್ಯುತ್ತಿನಲ್ಲಿ ಯೂನಿಟ್ಟು ಎಂದರೆ ಅಕ್ಕಿ, ಕಿಲೋವ್ಯಾಟು ಎಂದರೆ ಒಲೆ. ಸಂಜೆ ಏಳಕ್ಕೆ ನಲವತ್ತು ಮನೆಯವರೂ ದೀಪ, ಫ್ಯಾನು, ಟೀವಿ ಹಾಕಿದರೆ ಏಳೂವರೆ ಕಿಲೋವ್ಯಾಟು ಒಮ್ಮೆಗೇ ಬೇಕಾಗುತ್ತದೆ. ಆ ಹೊತ್ತಿಗೇ ಗಿರಣಿಯನ್ನೂ ತಿರುಗಿಸಿದರೆ ಎಲ್ಲವೂ ಆರುತ್ತದೆ. ಗಿರಣಿ ಮಧ್ಯಾಹ್ನ, ನೀರು ಬೆಳಿಗ್ಗೆ, ದೀಪ ಸಂಜೆ ಎಂದು ಸರದಿ ಮಾಡಿಕೊಂಡರೆ ಸಣ್ಣ ಯಂತ್ರದಿಂದಲೇ ಕೆಲಸ ಸಾಗುತ್ತದೆ. ಹೊಂದಿಕೊಂಡು ಬಾಳುವ ಊರಿಗೆ ಖರ್ಚು ಕಡಿಮೆ. ಜಗಳದ ಊರಿಗೆ ದೊಡ್ಡ ಯಂತ್ರವೂ ಸಾಲದು.

ಬೇನೆಯನ್ನು ತಿಳಿಸುವಾಗ ತಾಯಂದಿರನ್ನು ಬಿಡಬೇಡಿ. ಗಂಡಸರ ಸಭೆಯಲ್ಲಿ ಶಕ್ತಿ ಎಂದರೆ ದೀಪ ಮತ್ತು ಪಂಪು. ಒಲೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹಳ್ಳಿಯ ಮನೆಯಲ್ಲಿ ಉರಿದುಹೋಗುವ ಶಕ್ತಿಯಲ್ಲಿ ಬಹುಪಾಲು ಅಡಿಗೆಯ ಒಲೆಯಲ್ಲಿಯೇ ಉರಿಯುತ್ತದೆ. ಅದನ್ನು ತಲೆಯ ಮೇಲೆ ಹೊತ್ತು ತರುವವರು ಹೆಂಗಸರು, ಅದರ ಹೊಗೆಯನ್ನು ಕುಡಿಯುವವರೂ ಅವರೇ. ನಲವತ್ತು ಮನೆಗೆ ದೀಪ ಬಂದು ಒಲೆ ಹಳೆಯದೇ ಉಳಿದರೆ ಅರ್ಧ ಊರಿಗೆ ಮಾತ್ರ ಬೆಳಕು ಬಂದಂತೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗೆ ಒದಗುವ ತಂತ್ರಜ್ಞಾನವನ್ನು ಹುಡುಕುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಆ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಗೆ ಹೋಗಿ, ಯಾವ ಮನೆಯಲ್ಲಿ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಯಾರು ಎಷ್ಟು ಹೊತ್ತು ನೀರು ಹೊರುತ್ತಾರೆ ಎಂದು ಅಳೆದು ಬರೆದರು. ಊರಿನ ಸಗಣಿಯನ್ನೆಲ್ಲ ಕೂಡಿಸಿ ಒಂದೇ ದೊಡ್ಡ ಅನಿಲಸ್ಥಾವರ ಮಾಡಿ ಮನೆಮನೆಗೆ ಅಡಿಗೆಯ ಅನಿಲ ಕೊಡುವುದು ಮೊದಲ ಯೋಜನೆ. ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದೂ ತಿಳಿಯಿತು. ಆಗ ಅವರು ಯೋಜನೆಯನ್ನೇ ಬದಲಿಸಿದರು. ೧೯೮೭ರಿಂದ ಅದೇ ಅನಿಲವನ್ನು, ಒಂದಿಷ್ಟು ಡೀಸೆಲ್ ಜೊತೆಗೆ, ಎಂಜಿನ್ನಿಗೆ ಕೊಟ್ಟು ವಿದ್ಯುತ್ತು ಮಾಡಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ತಂದು ಹಾಕಿದವರಿಗೆ ತೂಕಕ್ಕೆ ತಕ್ಕ ಕಾಸು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವೂ ಅವರಿಗೇ. ಊರಿನ ಸಮಿತಿಯೇ ಅದನ್ನು ನಡೆಸಿತು. ಸಗಣಿಯನ್ನು ತೂಗಿ, ಊರಿನ ಬಾಯಿಂದ ಬೇನೆ ಕೇಳಿ, ಮದ್ದನ್ನು ಬದಲಿಸಿದ ಆ ವಿದ್ವಾಂಸರು ದೊಡ್ಡವರು. ತಮ್ಮ ಬೇನೆ ನೀರಿನದೆಂದು ಹೇಳಿದ ಹಳ್ಳಿಗರೂ ಅವರಷ್ಟೇ ದೊಡ್ಡವರು.

ಇನ್ನು ಔಷಧದ ಮಾತು. ಔಷಧ ಸಾಕಷ್ಟು ಸಿಗುವಂಥದಾಗಿರಬೇಕು, ರೋಗಕ್ಕೆ ತಕ್ಕುದಾಗಿರಬೇಕು ಎಂದು ಶಾಸ್ತ್ರ ಹೇಳುತ್ತದೆ. ಯಾವ ಮದ್ದೂ ತಾನಾಗಿ ಶ್ರೇಷ್ಠವಲ್ಲ. ಇಲ್ಲಿ ನಾವು ಹೇಳುವುದು ಬಲ್ಲವರಿಂದ ಕೇಳಿ ತಿಳಿದದ್ದು. ಇದನ್ನೇ ತೀರ್ಪು ಎಂದು ತಿಳಿಯದೆ, ಪ್ರಶ್ನೆ ಕೇಳುವುದಕ್ಕೆ ಬೇಕಾದ ಬಂಡವಾಳವೆಂದು ತಿಳಿಯಿರಿ.

ತಂತಿಯ ಮಾತು ಮೊದಲು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರು ಮೈಲಿಗೆ ಸಮೀಪದ ದೂರವನ್ನು ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಚಿನ್ನ ಇದ್ದಲ್ಲಿಗೆ ತಂತಿ ಬೇಗ ಹೋಗುತ್ತದೆ, ನಲವತ್ತು ಮನೆಯ ಊರಿಗೆ ನಿಧಾನವಾಗಿ ಬರುತ್ತದೆ. ಆದರೂ ತಂತಿಯನ್ನು ಹಗುರವಾಗಿ ಕಾಣಬೇಡಿ. ಗಿರಣಿ, ನೀರಾವರಿ ಪಂಪಿನಂಥ ಭಾರಿ ಕೆಲಸಕ್ಕೆ ಅದಕ್ಕೆ ಸಮನಾದುದು ಸುಲಭವಾಗಿ ಸಿಗದು. ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ಉಚಿತ ವಿದ್ಯುತ್ತು ಇದೆ. ಕೇಳಬೇಕಾದ ಪ್ರಶ್ನೆ ಬೇರೆ. ಟ್ರಾನ್ಸ್‌ಫಾರ್ಮರು ಎಲ್ಲಿ ಕೂರುತ್ತದೆ? ಊರಿನ ಬಳಿಗೇ ಬರುತ್ತದೆಯೋ, ನಾಲ್ಕು ಕಿಲೋಮೀಟರು ಆಚೆ ಉಳಿಯುತ್ತದೆಯೋ? ಆಚೆ ಉಳಿದು ಮನೆಯ ತಂತಿಯನ್ನು ಅಷ್ಟು ದೂರ ಎಳೆದರೆ ಕೊನೆಯ ಮನೆಗೆ ತಲುಪುವ ಹೊತ್ತಿಗೆ ವೋಲ್ಟೇಜು ಸತ್ತಿರುತ್ತದೆ, ಮೋಟಾರು ಸುಡುತ್ತದೆ. ಕಾಡಿನ ನಡುವೆ ಹಾದುಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಸಿಗುತ್ತದೆಯೇ? ಆಷಾಢದ ಗಾಳಿಗೆ ಮರ ಬಿದ್ದರೆ ಸರಿಪಡಿಸಲು ಯಾರು, ಎಷ್ಟು ದಿನಕ್ಕೆ ಬರುತ್ತಾರೆ?

ಎರಡನೆಯದು ಸೂರ್ಯ. ನಮ್ಮ ಬಯಲುಸೀಮೆ ಸೂರ್ಯನ ತವರು. ಪಾವಗಡದ ತಿರುಮಣಿಯ ಸುತ್ತ ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವ್ಯಾಟಿನ ಸೌರವನವೇ ಎದ್ದು ನಿಂತಿದೆ. ಒಂದು ಕಿಲೋವ್ಯಾಟಿನ ಹಲಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟು ಕೊಡುತ್ತದೆ ಎಂದು ಇಟ್ಟುಕೊಳ್ಳಿ. ನಲವತ್ತು ಯೂನಿಟ್ಟಿಗೆ ಹತ್ತು ಕಿಲೋವ್ಯಾಟು ಸಾಕು ಎಂದು ಮಾರುವವನು ಹೇಳುತ್ತಾನೆ. ಬಯಲುಸೀಮೆಯಲ್ಲಿ ಆ ಲೆಕ್ಕ ಹೆಚ್ಚುಕಡಿಮೆ ನಡೆದೀತು. ಘಟ್ಟದ ಊರಿನಲ್ಲಿ ಆರಿದ್ರೆಯಿಂದ ಮಘೆಯವರೆಗೆ ಸೂರ್ಯನ ಮುಖವೇ ಕಾಣದು. ಹಲಗೆಯ ಉತ್ಪತ್ತಿ ಅರ್ಧಕ್ಕೂ ಇಳಿಯುತ್ತದೆ. ಇನ್ನೊಂದು ಮಾತು. ಹಲಗೆಯ ಆಯುಷ್ಯ ಇಪ್ಪತ್ತೈದು ವರ್ಷ, ಸಾಮಾನ್ಯ ಸೀಸದ ಬ್ಯಾಟರಿಯ ಆಯುಷ್ಯ ನಾಲ್ಕೈದು ವರ್ಷ. ಹಗಲು ಹುಟ್ಟಿದ ಶಕ್ತಿಯನ್ನು ರಾತ್ರಿಗೆ ಕಾಪಿಡುವುದು ಬ್ಯಾಟರಿಯೇ. ಹಲಗೆಯ ಬೆಲೆ ಕೇಳಿದವನು ಅರ್ಧ ಬೆಲೆ ಕೇಳಿದಂತೆ. ಬೆಳೆಗೆ ನೀರೆತ್ತುವ ಪಂಪಿಗಾದರೆ ಬ್ಯಾಟರಿ ಬೇಡ, ಬಿಸಿಲಿದ್ದಾಗ ಎತ್ತಿ ತೊಟ್ಟಿ ತುಂಬಿಸಿಕೊಳ್ಳಬಹುದು. ಅಂಥ ಪಂಪುಗಳಿಗಾಗಿ ಕೇಂದ್ರ ಸರ್ಕಾರ ೨೦೧೯ರಲ್ಲಿ ಕುಸುಮ್ ಯೋಜನೆಯನ್ನು ತಂದಿತು.

ಮೂರನೆಯದು ನೀರು. ಉತ್ತರ ಕನ್ನಡ, ಚಿಕ್ಕಮಗಳೂರು, ಕೊಡಗಿನ ಒಂಟಿಮನೆಗಳಲ್ಲಿ, ತೋಟದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ಸಣ್ಣ ಚಕ್ರ ತಿರುಗಿಸಿ ದೀಪ ಹಚ್ಚಿಕೊಂಡವರು ಹಲವರಿದ್ದಾರೆ. ಇದರ ಲೆಕ್ಕ ಶಾಲೆಯ ಮಗುವೂ ಮಾಡಬಲ್ಲದು. ಸೆಕೆಂಡಿಗೆ ಎಷ್ಟು ಲೀಟರು ನೀರು, ಎಷ್ಟು ಮೀಟರು ಇಳಿಜಾರು, ಎರಡನ್ನೂ ಗುಣಿಸಿ, ಬಂದುದನ್ನು ಐದರಿಂದ ಗುಣಿಸಿ. ಅಷ್ಟು ವ್ಯಾಟು ಸಿಗುತ್ತದೆ. ಪೈಪು, ಚಕ್ರಗಳಲ್ಲಿ ಕಳೆದುಹೋಗುವ ಅರ್ಧವನ್ನು ಬಿಟ್ಟ ಲೆಕ್ಕವಿದು. ಇಪ್ಪತ್ತು ಲೀಟರಿನ ಬಕೆಟು ಎರಡು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಹತ್ತು ಲೀಟರು. ಇಳಿಜಾರು ಇಪ್ಪತ್ತು ಮೀಟರಿದ್ದರೆ ಒಂದು ಸಾವಿರ ವ್ಯಾಟು. ಸೂರ್ಯನ ಒಂದು ಕಿಲೋವ್ಯಾಟು ದಿನಕ್ಕೆ ನಾಲ್ಕು ಯೂನಿಟ್ಟು ಕೊಟ್ಟರೆ, ಹಗಲುರಾತ್ರಿ ಹರಿಯುವ ನೀರಿನ ಒಂದು ಕಿಲೋವ್ಯಾಟು ಇಪ್ಪತ್ತನಾಲ್ಕು ಯೂನಿಟ್ಟು ಕೊಡುತ್ತದೆ. ಆದರೆ ಹಳ್ಳವನ್ನು ಶ್ರಾವಣದಲ್ಲಿ ಅಳೆದು ಹಿಗ್ಗಬೇಡಿ, ಚೈತ್ರದಲ್ಲಿ ಅಳೆಯಿರಿ. ಕೆಳಗಿನ ಗದ್ದೆಯವರ ನೀರಿಗೆ ಅಡ್ಡಿಯಾಗದಂತೆ, ತಿರುಗಿಸಿದ ನೀರು ಮರಳಿ ಹಳ್ಳಕ್ಕೇ ಸೇರಬೇಕು.

ಇಲ್ಲಿ ಪ್ರಕೃತಿಯ ಒಂದು ಕರುಣೆಯನ್ನು ನೋಡಿ. ಸೂರ್ಯ ಮರೆಯಾಗುವ ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುತ್ತದೆ. ಹಳ್ಳ ಬತ್ತುವ ಬೇಸಿಗೆಯಲ್ಲಿ ಸೂರ್ಯ ಉರಿಯುತ್ತಾನೆ. ಸೂರ್ಯನ ಕಡೆಯವರು, ನೀರಿನ ಕಡೆಯವರು ಎಂದು ಬೇರೆಬೇರೆ ಕುಳಿತವರಿಗೆ ಇದು ಕಾಣುವುದಿಲ್ಲ. ಒಂದೇ ಚಾಪೆಯ ಮೇಲೆ ಕುಳಿತು ಲೆಕ್ಕ ಹಾಕಿದವರಿಗೆ ಕಾಣುತ್ತದೆ. ಎರಡನ್ನೂ ಸಣ್ಣದಾಗಿ ಕೂಡಿಸಿದರೆ ಆ ಊರಿಗೆ ಸರಿಹೊಂದೀತೇ ಎಂಬುದು ತಜ್ಞರ ಮುಂದೆ ಇಡಬೇಕಾದ ಒಳ್ಳೆಯ ಪ್ರಶ್ನೆ.

ನಾಲ್ಕನೆಯದು ಕೊಟ್ಟಿಗೆ. ಇಪ್ಪತ್ತೈದು ಕಿಲೋ ಸಗಣಿಗೆ ಒಂದು ಘನಮೀಟರಿನ ಸುಮಾರು ಅನಿಲ. ಐದು ಜನರ ಮನೆಯ ಅಡಿಗೆಗೆ ಎರಡು ಘನಮೀಟರಿನ ಸ್ಥಾವರ ಎಂದರೆ ದಿನಕ್ಕೆ ಐವತ್ತು ಕಿಲೋ ಸಗಣಿ. ದೊಡ್ಡ ಹಸುವಾದರೆ ಹತ್ತು ಕಿಲೋ ಹಾಕುತ್ತದೆ. ನಮ್ಮ ಮಲೆನಾಡು ಗಿಡ್ಡಕ್ಕೆ ಆ ಲೆಕ್ಕ ಹೊಂದದು. ಅದು ಹಗಲೆಲ್ಲ ಕಾಡಿನಲ್ಲಿ ಮೇದರೆ ಅರ್ಧ ಸಗಣಿ ಕಾಡಿನದೇ. ಆದ್ದರಿಂದ ದನಗಳನ್ನು ಎಣಿಸಬೇಡಿ, ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಿಕ್ಕ ಸಗಣಿಯನ್ನು ತೂಗಿ. ಸಾಕಷ್ಟು ಇದ್ದವರಿಗೆ ಇದಕ್ಕಿಂತ ಲಾಭದ್ದಿಲ್ಲ. ಒಲೆಗೆ ಅನಿಲ, ಹೊಲಕ್ಕೆ ಗೊಬ್ಬರ, ತಾಯಿಯ ಕಣ್ಣಿಗೆ ಹೊಗೆಯಿಂದ ಬಿಡುಗಡೆ. ಸಗಣಿ ಇಲ್ಲದವರಿಗೆ ಸಿಲಿಂಡರೋ, ಹೊಗೆ ಹೊರಹೋಗುವ ಸುಧಾರಿತ ಒಲೆಯೋ ದಾರಿ.

ಮರದ ಕಡ್ಡಿ, ಕಟ್ಟಿಗೆಗಳನ್ನು ಅರೆಬರೆ ಸುಟ್ಟು ಅನಿಲ ಮಾಡಿ ಎಂಜಿನ್ನು ನಡೆಸುವ ಉಪಾಯವೂ ಉಂಟು. ಕುಣಿಗಲ್ ತಾಲೂಕಿನದೇ ಹೊಸಹಳ್ಳಿಯಲ್ಲಿ ೧೯೮೮ರಲ್ಲಿ ಇದನ್ನು ಮಾಡಿ, ಊರ ಪಕ್ಕದಲ್ಲಿಯೇ ಅದಕ್ಕೆಂದು ಮರ ಬೆಳೆಸಿ, ದೀಪ, ನೀರು, ಗಿರಣಿ ನಡೆಸಿದ್ದರು. ಗಾಳಿಯ ಯಂತ್ರ ಗದಗಿನ ಕಪ್ಪತಗುಡ್ಡದ ಮೇಲೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಚೆನ್ನಾಗಿ ತಿರುಗುತ್ತದೆ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕಣಿವೆಯ ಊರಿನವರು ಗುಡ್ಡದ ಮೇಲಿನ ಯಂತ್ರ ನೋಡಿ ಆಸೆಪಡಬಾರದು.

ಮೂರನೆಯ ಪಾದ ವೈದ್ಯ. ವೈದ್ಯನಿಗೆ ನಾಲ್ಕು ಗುಣ. ಶಾಸ್ತ್ರವನ್ನು ಚೆನ್ನಾಗಿ ಬಲ್ಲವನಾಗಿರಬೇಕು, ಅನೇಕ ಬಾರಿ ಕೆಲಸವನ್ನು ಕಣ್ಣಾರೆ ಕಂಡವನಾಗಿರಬೇಕು, ಕೈಯಲ್ಲಿ ನೈಪುಣ್ಯವಿರಬೇಕು, ಶುಚಿಯಾಗಿರಬೇಕು. ನ್ಯಾಯಶಾಸ್ತ್ರದವರು ಇಂಥವನನ್ನೇ ಆಪ್ತ ಎನ್ನುತ್ತಾರೆ. ಇಂದಿನ ಮಾತಿನಲ್ಲಿ ಆಪ್ತ ಎಂದರೆ ಬೇಕಾದವನು, ಸ್ನೇಹಿತ. ಶಾಸ್ತ್ರದಲ್ಲಿ ಆಪ್ತ ಎಂದರೆ ಇದ್ದುದನ್ನು ಇದ್ದಂತೆ ತಿಳಿದು, ತಿಳಿದಂತೆಯೇ ಹೇಳುವವನು. ನಿಮಗೆ ಹಿತವಾದುದನ್ನೇ ಹೇಳಬೇಕೆಂಬ ಹಂಗು ಅವನಿಗಿಲ್ಲ. ವೈದ್ಯ ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತೆ, ಮೊದಲೇ ನಿಶ್ಚಯ ಮಾಡಿಕೊಂಡು, ಅದಕ್ಕೆ ತಲೆದೂಗುವವನನ್ನೇ ಹುಡುಕಿ ತಜ್ಞ ಎಂದು ಕರೆದರೆ ಅದು ಕೇಳಿದಂತಾಗುವುದಿಲ್ಲ.

ಮಾರುವವನನ್ನು ದೂರಬೇಕಾಗಿಲ್ಲ, ವ್ಯಾಪಾರವೂ ಒಂದು ಕಾಯಕ. ಅವನಲ್ಲಿ ಬೆಲೆ ಕೇಳಿ. ಯಾವುದು ಬೇಕೆಂಬ ಸಲಹೆಯನ್ನು ಮಾರದವನಲ್ಲಿ ಕೇಳಿ. ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ ಶಾಖಾಧಿಕಾರಿಯಿಂದ ತಂತಿಯ ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ. ಸೂರ್ಯ, ನೀರು, ಗಾಳಿಗಳ ಯೋಜನೆಗಳಿಗೆ ರಾಜ್ಯದಲ್ಲಿ ಕ್ರೆಡಲ್ ಎಂಬ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಗ್ರಾಮೀಣ ಇಂಧನಕ್ಕೆಂದೇ ಮಹಾತ್ಮ ಗಾಂಧಿಯವರ ಹೆಸರಿನ ಸಂಸ್ಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಸಗಣಿ ಗೊಬ್ಬರದ ವಿಷಯಕ್ಕೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ನಿಮ್ಮ ಹಳ್ಳವನ್ನು ಅಳೆದುಕೊಡಲು ಸಂತೋಷದಿಂದ ಬಂದಾರು. ಅವರ ಮುಂದೆ ನಿಮ್ಮ ಪುಸ್ತಕವನ್ನು ಬಿಚ್ಚಿಡಿ.

ಬಂದವರನ್ನು ಹೆದರದೆ ಕೇಳಿ. ರೋಗಿಗೆ ಅಂಜಿಕೆ ಇರಬಾರದೆಂಬುದೂ ಚರಕರ ಮಾತೇ. ಐದು ವರ್ಷದ ಹಿಂದೆ ನೀವು ಕೂರಿಸಿದ ಯಂತ್ರ ಎಲ್ಲಿದೆ, ತೋರಿಸುತ್ತೀರಾ ಎಂದು ಕೇಳಿ. ಹೋದ ತಿಂಗಳು ಕೂರಿಸಿದ್ದನ್ನು ನೋಡಿ ಬರಬೇಡಿ, ಹೊಸದೆಲ್ಲ ಹೊಳೆಯುತ್ತದೆ. ಅಲ್ಲಿಯ ಗಂಡಸರನ್ನೂ ಕೇಳಿ, ಒಳಮನೆಗೆ ಹೋಗಿ ಹೆಂಗಸರನ್ನೂ ಕೇಳಿ. ನಮ್ಮ ಊರಿಗೆ ಯಾವುದು ಆಗದು, ಏಕೆ ಆಗದು ಎಂದು ಕೇಳಿ. ಎಲ್ಲವೂ ಆಗುತ್ತದೆ ಎನ್ನುವವನಿಗಿಂತ, ಇದು ಆಗುವುದಿಲ್ಲ ಎಂದು ಹೇಳಬಲ್ಲವನು ನಿಜವಾದ ಆಪ್ತ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಇಟ್ಟು ನೋಡಿ. ಕೊನೆಗೆ ಎಲ್ಲವನ್ನೂ ಕನ್ನಡದಲ್ಲಿ ಬರೆಸಿಕೊಂಡು ಊರ ಸಭೆಯಲ್ಲಿ ಓದಿ ಹೇಳಿ.

ನಾಲ್ಕನೆಯ ಪಾದ ಉಪಚಾರಕ. ಇದನ್ನು ಮರೆತು ಕೆಟ್ಟ ಊರುಗಳೇ ಹೆಚ್ಚು. ಬಿಹಾರದ ಜಹಾನಾಬಾದ್ ಜಿಲ್ಲೆಯಲ್ಲಿ ಧರ್ನೈ ಎಂಬ ಹಳ್ಳಿ. ದಶಕಗಳ ಕಾಲ ಕರೆಂಟಿಲ್ಲದೆ ಇದ್ದ ಊರು. ೨೦೧೪ರಲ್ಲಿ ಹೊರಗಿನ ಒಂದು ಸಂಸ್ಥೆಯವರು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ೧೦೦ ಕಿಲೋವ್ಯಾಟಿನ ಸೌರ ವಿದ್ಯುತ್ತನ್ನು ಮಾಡಿಕೊಟ್ಟರು. ದೇಶವೆಲ್ಲ ಕೊಂಡಾಡಿತು. ಆದರೆ ಟೀವಿ, ಫ್ರಿಜ್ಜಿನಂಥವುಗಳಿಗೆ ಆ ಶಕ್ತಿ ಸಾಲುತ್ತಿರಲಿಲ್ಲ, ದರ ಸರ್ಕಾರಿ ಕರೆಂಟಿಗಿಂತ ಹೆಚ್ಚು. ಮಾಜಿ ಮುಖ್ಯಮಂತ್ರಿಗಳು ಬಂದಾಗ, ನಮಗೆ ನಿಜವಾದ ಕರೆಂಟು ಕೊಡಿ ಎಂದು ಜನ ಕೂಗಿದರು. ಸರ್ಕಾರದ ತಂತಿಯೂ ಬಂತು. ಕೆಲವು ವರ್ಷಗಳಲ್ಲಿ ಬ್ಯಾಟರಿಗಳು ಸತ್ತವು, ಬದಲಿಸುವವರಿಲ್ಲ. ಸೌರ ಸ್ಥಾವರದ ಜಾಗದಲ್ಲಿ ದನ ಕಟ್ಟಿದರು. ಅ ಯಂತ್ರ ಕೆಟ್ಟದ್ದಾಗಿರಲಿಲ್ಲ. ಊರು ತನಗೆ ಬೇಕಾದುದನ್ನು ತಾನೇ ಹೇಳಿ, ತಾನೇ ಆರಿಸಿ, ತಾನೇ ನೋಡಿಕೊಳ್ಳುವ ವ್ಯವಸ್ಥೆ ಅದರ ಹಿಂದೆ ನಿಲ್ಲಲಿಲ್ಲ.

ಆದ್ದರಿಂದ ಯಂತ್ರ ಬರುವ ಮೊದಲೇ ಉಪಚಾರಕ ಸಿದ್ಧನಾಗಬೇಕು. ಊರು ಬಿಟ್ಟು ಹೋಗದ ಇಬ್ಬರನ್ನು ಆರಿಸಿ ತರಬೇತಿಗೆ ಕಳುಹಿಸಿ. ಇಬ್ಬರು ಏಕೆಂದರೆ ಒಬ್ಬನಿಗೆ ಜ್ವರ ಬಂದರೆ ಊರಿಗೆ ಕತ್ತಲೆಯಾಗಬಾರದು. ಆ ಇಬ್ಬರಲ್ಲಿ ಒಬ್ಬಳು ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಮದುವೆಯಾಗಿ ಈ ಊರಿಗೆ ಬಂದ ಸೊಸೆ ಪಟ್ಟಣಕ್ಕೆ ಕೆಲಸ ಹುಡುಕಿಕೊಂಡು ಹೋಗುವುದು ಕಡಿಮೆ. ಬ್ಯಾಟರಿಗೆ ಶುದ್ಧ ನೀರು ಹಾಕುವುದು, ಹಲಗೆಯ ಧೂಳು ಒರೆಸುವುದು, ಹಳ್ಳದ ಜಾಲರಿಗೆ ಸಿಕ್ಕ ತರಗೆಲೆ ತೆಗೆಯುವುದು ಸಣ್ಣ ಕೆಲಸಗಳು. ನಿತ್ಯವೂ ನಡೆಯಬೇಕಾದವು. ಅವರಿಗೆ ಸಂಬಳ ಕೊಡಿ, ಬರಿಯ ಹೊಗಳಿಕೆ ಸಾಲದು.

ಹಣದ ಮಾತೂ ಹೀಗೆಯೇ. ಕೈಯಲ್ಲಿರುವ ನಿಧಿಯನ್ನೆಲ್ಲ ಮೊದಲ ದಿನವೇ ಯಂತ್ರಕ್ಕೆ ಸುರಿಯಬೇಡಿ. ಒಂದು ಪಾಲನ್ನು ಬ್ಯಾಂಕಿನಲ್ಲಿ ಇಡಿ. ಇಂದು ತಂದ ಬ್ಯಾಟರಿ ಐದನೆಯ ವರ್ಷಕ್ಕೆ ಸಾಯುತ್ತದೆ ಎಂದು ಇಂದೇ ತಿಳಿದಿರುವಾಗ, ಅಂದು ಅಳುವುದರಲ್ಲಿ ಅರ್ಥವಿಲ್ಲ. ಮನೆಗಿಷ್ಟು ಎಂದು ವಂತಿಗೆ ಗೊತ್ತುಮಾಡಿ. ತಿಂಗಳಿಗೆ ಕೊಡಲಾಗದವನು ಅಡಿಕೆ ಕೊಯ್ಲಾದಾಗ ಕೊಡಲಿ, ಭತ್ತ ಬಂದಾಗ ಕೊಡಲಿ. ಕೂಲಿಯವನ ಮನೆಗೂ ಸಾಹುಕಾರನ ಮನೆಗೂ ಒಂದು ದೀಪವಾದರೂ ಸಮನಾಗಿ ಉರಿಯಬೇಕು. ಲೆಕ್ಕವನ್ನು ದೇವಸ್ಥಾನದ ಗೋಡೆಗೆ ಅಂಟಿಸಿ. ಕಣ್ಣಿಗೆ ಕಾಣುವ ಲೆಕ್ಕ ಜಗಳವನ್ನು ಅರ್ಧಕ್ಕೆ ಇಳಿಸುತ್ತದೆ.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದರ ಸಾರ ಇಷ್ಟೇ. ತಜ್ಞನನ್ನು ಕೇಳುವುದೆಂದರೆ ನಮ್ಮ ಬುದ್ಧಿಯನ್ನು ಅವನ ಕೈಗೆ ಒಪ್ಪಿಸಿಬಿಡುವುದಲ್ಲ. ನಮಗೆ ತಿಳಿದ ನಮ್ಮ ಊರನ್ನು ನಾವು ಅವನಿಗೆ ತಿಳಿಸುವುದು, ಅವನಿಗೆ ತಿಳಿದ ಶಾಸ್ತ್ರವನ್ನು ಅವನು ನಮಗೆ ತಿಳಿಸುವುದು. ಹಳ್ಳ ಯಾವ ತಿಂಗಳು ಬತ್ತುತ್ತದೆ ಎಂಬುದು ಬೆಂಗಳೂರಿನ ಪಂಡಿತನಿಗೆ ಗೊತ್ತಿಲ್ಲ. ಆ ನೀರಿಗೆ ಯಾವ ಚಕ್ರ ಹೊಂದುತ್ತದೆ ಎಂಬುದು ನಮಗೆ ಗೊತ್ತಿಲ್ಲ. ಎರಡು ಅರಿವೂ ಕೂಡಿದಲ್ಲಿ ಕೆಲಸ ನಿಲ್ಲುತ್ತದೆ. ಕೇಳಿದರೆ ಸಣ್ಣವರಾಗುತ್ತೇವೆ ಎಂಬ ಅಂಜಿಕೆ ಹಳ್ಳಿಗನಿಗೂ ಬೇಡ, ಹಳ್ಳಿಗನನ್ನು ಕೇಳಿದರೆ ಸಣ್ಣವರಾಗುತ್ತೇವೆ ಎಂಬ ಬಿಗುಮಾನ ಪಂಡಿತನಿಗೂ ಬೇಡ. ಅರಿವಿನ ಮುಂದೆ ಇಬ್ಬರೂ ವಿದ್ಯಾರ್ಥಿಗಳೇ.

ನಿಮ್ಮ ನಿಮ್ಮ ಊರಿನಲ್ಲಿ ಇಂಥ ಪ್ರಶ್ನೆ ಎದ್ದಾಗ ಮೊದಲು ಒಂದು ಪುಸ್ತಕ, ಒಂದು ಬಕೆಟು, ಒಂದು ತಕ್ಕಡಿ ಇಟ್ಟುಕೊಂಡು ಹೊರಡಿ. ಬರೆಯಿರಿ, ಅಳೆಯಿರಿ, ತೂಗಿ. ಆಮೇಲೆ ಬಲ್ಲವರನ್ನು ಕರೆಯಿರಿ. ಆಮೇಲೆ ಎಲ್ಲರೂ ಕೂಡಿ ಕುಳಿತು ಆರಿಸಿ. ಆರಿಸಿದ ಮೇಲೆ ಅದನ್ನು ಮನೆಯ ಹಸುವಿನಂತೆ ನೋಡಿಕೊಳ್ಳಿ. ಒಲೆಯ ಹೊಗೆ ಹೋಗಲಿ, ಓದುವ ಮಕ್ಕಳ ಮುಂದೆ ಬೆಳಕಿರಲಿ, ನೀರು ಹೊರುವ ತಾಯಂದಿರ ಸೊಂಟಕ್ಕೆ ವಿಶ್ರಾಂತಿ ಸಿಗಲಿ. ಬೆಳಕಿನ ನೆಪದಲ್ಲಿ ಒಡೆದ ಮನಸ್ಸುಗಳು ಬೆಳಕಿನ ನೆಪದಲ್ಲಿಯೇ ಕೂಡಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.